‘ಇಲ್ಲ’ ಎಂದು ಬರೆದವನ ಪಾಪ ಯಾರ ಲೆಕ್ಕಕ್ಕೆ?

ಗಲ್ಫ್‌ಗೆ ಹೊರಟ ಹುಡುಗ ಮೊದಲು ‘ಮೆಡಿಕಲ್’ ಮುಗಿಸಬೇಕು ಎಂಬುದು ಕರಾವಳಿಯ ಮನೆಮನೆಗೂ ಗೊತ್ತು. ಹಿಂದೆ ಎಲ್ಲರೂ ‘ಗಾಮ್ಕಾ’ ಎನ್ನುತ್ತಿದ್ದ ವ್ಯವಸ್ಥೆಗೆ ಈಗ ‘ವಾಫಿದ್’ ಎಂದು ಹೆಸರು. ಹುಡುಗ ರಕ್ತ ಕೊಡುತ್ತಾನೆ, ಮೂತ್ರ ಕೊಡುತ್ತಾನೆ, ಅಂಗಿ ಬಿಚ್ಚಿ ಎಕ್ಸ್‌ರೇ ಯಂತ್ರದೆದುರು ನಿಲ್ಲುತ್ತಾನೆ. ಕ್ಷಯವಿದೆಯೇ, ಹೆಪಟೈಟಿಸ್ ಇದೆಯೇ, ಎಚ್‌ಐವಿ ಇದೆಯೇ ಎಂಬುದನ್ನು ಯಂತ್ರಗಳು ಹೇಳುತ್ತವೆ. ಅವನ ಮಾತು ಯಾರಿಗೂ ಬೇಕಾಗಿಲ್ಲ. ಆದರೆ ಹಿಂದೆ ಬಂದು ಹೋದ ಕಾಯಿಲೆಗಳನ್ನು ಕೇಳುವ ಜಾಗದಲ್ಲಿ ಅಪಸ್ಮಾರ, ಖಿನ್ನತೆ ಮೊದಲಾದವುಗಳ ವಿಚಾರವೂ ಇದೆ. ಅದನ್ನು ಕಂಡುಹಿಡಿಯುವ ಯಂತ್ರವಿಲ್ಲ. ಅಲ್ಲಿ ಅವನ ನಾಲಗೆಯೇ ಸಾಕ್ಷಿ. ಆ ಸಾಕ್ಷಿ ಏನು ಹೇಳಬೇಕೆಂಬುದನ್ನು ಟ್ರಾವೆಲ್ಸ್‌ನವನು ಮೊದಲೇ ಹೇಳಿಕೊಟ್ಟಿರುತ್ತಾನೆ: “ಏನು ಕೇಳಿದರೂ ಇಲ್ಲ ಅನ್ನು.”

ಬಂಟ್ವಾಳದ ಕಡೆಯ ಇಪ್ಪತ್ತನಾಲ್ಕು ವರ್ಷದ ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ತಂದೆ ತೀರಿಕೊಂಡ ವರ್ಷ ಅವನಿಗೆ ತಿಂಗಳುಗಟ್ಟಲೆ ನಿದ್ದೆಯಿರಲಿಲ್ಲ, ಊಟ ಸೇರುತ್ತಿರಲಿಲ್ಲ, ಯಾರೊಂದಿಗೂ ಮಾತಿರಲಿಲ್ಲ. ಮೊದಲು ಉಸ್ತಾದರಿಂದ ನೂಲು ಕಟ್ಟಿಸಿದರು. ಆಮೇಲೆ ತಿಳಿದವರೊಬ್ಬರು ಮಂಗಳೂರಿನ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋದರು. ಒಂದು ವರ್ಷ ಮಾತ್ರೆ ನುಂಗಿದ. ಈಗ ಎರಡು ವರ್ಷದಿಂದ ಚೆನ್ನಾಗಿದ್ದಾನೆ, ದುಡಿಯುತ್ತಿದ್ದಾನೆ, ನಗುತ್ತಿದ್ದಾನೆ. ದಮ್ಮಾಮಿನಲ್ಲಿ ಒಂದು ಗೋದಾಮಿನ ಕೆಲಸ ಸಿಕ್ಕಿದೆ. ವೀಸಾಕ್ಕಾಗಿ ತಾಯಿಯ ಬಳೆ ಅಡವಿಗೆ ಹೋಗಿದೆ. ಅವನು ಆ ಕಾಗದದ ಮೇಲೆ ಏನು ಬರೆಯಬೇಕು? ‘ಇಲ್ಲ’ ಎಂದರೆ ಸುಳ್ಳು. ‘ಇತ್ತು’ ಎಂದರೆ ‘ಅನ್‌ಫಿಟ್’ ಆಗುವ ಭಯ. ಆ ಭಯ ಬರೀ ಕಲ್ಪನೆಯಲ್ಲ. ಕೊಲ್ಲಿ ರಾಷ್ಟ್ರಗಳು ಒಪ್ಪಿಕೊಂಡಿರುವ ಅನರ್ಹತೆಯ ಪಟ್ಟಿಯಲ್ಲಿ ಮನೋರೋಗವೂ ಸೇರಿದೆ.

ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಸುಳ್ಳು ಹರಾಮ್, ಅಲ್ಲಿಗೆ ಮಾತು ಮುಗಿಯಿತು ಎನ್ನುವುದು ಒಂದು. ಎಲ್ಲರೂ ಹಾಗೇ ಬರೆಯುತ್ತಾರೆ, ನಿನ್ನದೇನು ವಿಶೇಷ ಎನ್ನುವುದು ಇನ್ನೊಂದು. ಎರಡೂ ಉತ್ತರಗಳು ಹುಡುಗನನ್ನು ಒಬ್ಬಂಟಿಯಾಗಿ ಬಿಟ್ಟು ಹೋಗುತ್ತವೆ. ಮೊದಲನೆಯದು ಅವನ ಅನ್ನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಎರಡನೆಯದು ಅವನ ಮನಸ್ಸಾಕ್ಷಿಯನ್ನು.

ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1797ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳಾಡಬಾರದು ಎಂಬ ನಿಲುವು ತಳೆದ. ಅವನಿಗಿಂತ ಏಳು ಶತಮಾನ ಮೊದಲು ಇಮಾಮ್ ಗಝ್ಝಾಲಿಯವರು ‘ಇಹ್ಯಾ ಉಲೂಮುದ್ದೀನ್’ನಲ್ಲಿ ನಾಲಗೆಯ ಕೆಡುಕುಗಳನ್ನು ಕುರಿತು ಬರೆಯುವಾಗ ಇದೇ ಪ್ರಶ್ನೆಯನ್ನು ಎದುರಿಸಿದ್ದರು. ಅವರ ಪ್ರಕಾರ ಮಾತು ಒಂದು ಸಾಧನ. ಒಳ್ಳೆಯ ಉದ್ದೇಶವನ್ನು ಸತ್ಯದ ಮೂಲಕವೇ ಸಾಧಿಸಲು ಸಾಧ್ಯವಿದ್ದಾಗ ಸುಳ್ಳು ನಿಷಿದ್ಧ. ಆದರೆ ಅನ್ಯಾಯಗಾರನಿಂದ ತಪ್ಪಿಸಿಕೊಂಡು ಬಂದವನನ್ನು ಬಚ್ಚಿಟ್ಟಿರುವಾಗ ಸತ್ಯ ಹೇಳಿ ಅವನನ್ನು ಹಿಡಿದುಕೊಡುವುದು ಧರ್ಮವಲ್ಲ. ಇಷ್ಟಕ್ಕೇ ನಿಲ್ಲಿಸಿದ್ದರೆ ಟ್ರಾವೆಲ್ಸ್‌ನವನಿಗೂ ಒಂದು ಫತ್ವಾ ಸಿಕ್ಕಿದಂತಾಗುತ್ತಿತ್ತು. ಗಝ್ಝಾಲಿ ಮುಂದೆ ಹೋಗಿ ಎಚ್ಚರಿಸುತ್ತಾರೆ: ಮನುಷ್ಯ ತನ್ನ ಆಸೆಯನ್ನೇ ಅನಿವಾರ್ಯತೆ ಎಂದು ಹೆಸರಿಟ್ಟು ಕರೆಯುವುದರಲ್ಲಿ ನಿಪುಣ; ಆದ್ದರಿಂದ ಪ್ರಶ್ನೆ ತನ್ನ ಸ್ವಂತ ಲಾಭದ್ದಾಗಿದ್ದರೆ ಲಾಭ ಬಿಟ್ಟು ಸತ್ಯವನ್ನು ಹಿಡಿಯುವುದು ಮೇಲು. ಆದರೆ ಇನ್ನೊಬ್ಬರ ಹಕ್ಕಿನ ಪ್ರಶ್ನೆಯಾಗಿದ್ದರೆ ತನ್ನ ಸತ್ಯನಿಷ್ಠೆಗಾಗಿ ಅವರನ್ನು ಬಲಿಕೊಡುವಂತಿಲ್ಲ.

ಈ ಮಾನದಂಡವನ್ನು ಬಂಟ್ವಾಳದ ಹುಡುಗನಿಗೆ ಹಚ್ಚಿ ನೋಡಿದರೆ ವಿಷಯ ಸರಳವಾಗುವ ಬದಲು ಜಟಿಲವಾಗುತ್ತದೆ. ಅವನ ದುಡಿಮೆ ಅವನೊಬ್ಬನದಲ್ಲ. ತಾಯಿಯ ಬಳೆ, ತಂಗಿಯ ಮದುವೆ, ತಮ್ಮನ ಕಾಲೇಜು ಅದರಲ್ಲಿ ಸೇರಿವೆ. ಹಾಗೆಯೇ ಅವನ ಮೌನವೂ ಅವನೊಬ್ಬನದಲ್ಲ. ಗೋದಾಮಿನ ಲೆಕ್ಕ ಬರೆಯುವವನಿಗೆ ಒಂದು ಕಾಲದಲ್ಲಿ ಖಿನ್ನತೆಯಿತ್ತು ಎಂಬುದರಿಂದ ಯಾರಿಗೂ ಅಪಾಯವಿಲ್ಲ. ಆದರೆ ಅಪಸ್ಮಾರವಿರುವವನು ಕ್ರೇನ್ ಹತ್ತಲು ಹೊರಟರೆ, ಇಲ್ಲದ ದನಿಗಳು ಕೇಳಿಸುವವನು ಶಾಲಾ ಬಸ್ಸಿನ ಸ್ಟಿಯರಿಂಗ್ ಹಿಡಿದರೆ, ಕೆಳಗೆ ನಿಂತವರ, ಒಳಗೆ ಕುಳಿತ ಮಕ್ಕಳ ಹಕ್ಕು ಎದ್ದು ನಿಲ್ಲುತ್ತದೆ. ಅಲ್ಲಿ ಸತ್ಯವನ್ನು ಮುಚ್ಚಿಡಲು ಯಾವ ಬಡತನವೂ ನೆಪವಾಗದು. ಈ ವ್ಯತ್ಯಾಸವನ್ನು ಕಾಗದದ ಮೇಲಿನ ಆ ಸಾಲು ಮಾಡುವುದಿಲ್ಲ. ಯಾವ ಕೆಲಸ, ಯಾವ ಕಾಯಿಲೆ, ಈಗ ಹೇಗಿದ್ದಾನೆ ಎಂಬುದನ್ನು ವಿಚಾರಿಸದೆ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. ಸತ್ಯ ಹೇಳಬೇಕಾದವನೂ ಹೇಳದಂತೆ ಮಾಡುವುದು ಇಂಥ ಪ್ರಶ್ನೆಯೇ. ಆ ಹುಡುಗನ ಮಟ್ಟಿಗೆ ನನ್ನ ಅಭಿಪ್ರಾಯ ಇಷ್ಟು: ಅವನು ಬರೆಯುವ ‘ಇಲ್ಲ’ ಸುಳ್ಳೇ, ಅದಕ್ಕೆ ಬೇರೆ ಹೆಸರಿಡುವುದು ಬೇಡ. ಆದರೆ ಆ ಸುಳ್ಳಿನ ಹೊರೆ ಅವನೊಬ್ಬನ ಬೆನ್ನಿನ ಮೇಲಿಲ್ಲ. ಸತ್ಯ ಹೇಳಿದರೆ ಅನ್ನ ಕಿತ್ತುಕೊಳ್ಳುತ್ತೇನೆ ಎಂದು ಮೊದಲೇ ಸೂಚಿಸಿ ಪ್ರಶ್ನೆ ಕೇಳುವವನಿಗೂ ಅದರಲ್ಲಿ ಪಾಲಿದೆ.

ಇಲ್ಲಿ ವಿಮೆಯ ವಿಷಯ ಬರುತ್ತದೆ. ಒಂದು ಕಾಲಕ್ಕೆ ವಿಮೆ ಎಂದರೆ ನಮ್ಮ ಮಸ್ಜಿದ್‌ಗಳಲ್ಲಿ ಜೂಜು, ಬಡ್ಡಿಗಳ ಜೊತೆ ಕೇಳಿಬರುತ್ತಿದ್ದ ಶಬ್ದ. ಈಗಲೂ ಕೆಲವರು ಅನುಮಾನದಿಂದಲೇ ನೋಡುತ್ತಾರೆ. ಅನುಮಾನಕ್ಕೆ ಆಧಾರವಿಲ್ಲ ಎಂದಲ್ಲ. 1985ರಲ್ಲಿ ಜಿದ್ದಾದಲ್ಲಿ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿ ವಾಣಿಜ್ಯ ವಿಮೆಯನ್ನು ಒಪ್ಪಲಿಲ್ಲ. ಪರಸ್ಪರ ಸಹಕಾರದ ವಿಮೆಯನ್ನು ಒಪ್ಪಿತು. ಅದಕ್ಕೂ ಮುಂಚೆ, 1979ರಲ್ಲಿ, ಸುಡಾನಿನಲ್ಲಿ ‘ತಕಾಫುಲ್’ ತತ್ವದ ಮೊದಲ ಕಂಪೆನಿ ಶುರುವಾಗಿತ್ತು. ಇದರ ಬೇರು ಇನ್ನೂ ಹಳೆಯದು. ಅರಬರಲ್ಲಿ ಒಬ್ಬನ ಕೈಯಿಂದ ಅರಿಯದೆ ಕೊಲೆಯಾದರೆ ರಕ್ತಪರಿಹಾರವನ್ನು ಅವನ ‘ಆಕಿಲ’, ಅಂದರೆ ಬಂಧುವರ್ಗ, ಸೇರಿ ಕಟ್ಟುತ್ತಿತ್ತು. ಒಬ್ಬನನ್ನು ಮುರಿಯಬಲ್ಲ ಭಾರವನ್ನು ನೂರು ಜನ ಹಂಚಿಕೊಂಡರೆ ಯಾರೂ ಮುರಿಯುವುದಿಲ್ಲ. ಸೌದಿ ಅರೇಬಿಯಾ 1999ರಲ್ಲಿ ಹೊರದೇಶದ ಕೆಲಸಗಾರರಿಗಾಗಿ ಆರೋಗ್ಯ ವಿಮೆಯ ಕಾನೂನು ತಂದಾಗ ಅದಕ್ಕೆ ‘ಸಹಕಾರಿ’ ಎಂಬ ವಿಶೇಷಣ ಸೇರಿಸಿದ್ದು ಸುಮ್ಮನೆ ಅಲ್ಲ. ಕಂತು ಕಟ್ಟಬೇಕಾದವನು ಕೆಲಸಕ್ಕಿಟ್ಟುಕೊಂಡವನು. ಕೆಲಸಗಾರನ ಸಂಬಳದಿಂದ ಮುರಿದುಕೊಳ್ಳುವಂತಿಲ್ಲ. ಅಬುಧಾಬಿ 2005ರಲ್ಲಿ, ದುಬೈ 2013ರಲ್ಲಿ ಇಂಥದೇ ಕಾನೂನುಗಳನ್ನು ಮಾಡಿದವು. ಶಾರ್ಜಾ, ಅಜ್ಮಾನ್ ಮೊದಲಾದ ಉಳಿದ ಎಮಿರೇಟ್‌ಗಳ ಖಾಸಗಿ ನೌಕರರಿಗೆ 2025ರ ಜನವರಿ 1ರಿಂದ ವಿಮೆ ಕಡ್ಡಾಯವಾಯಿತು.

ಕೆಲಸಗಾರನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಮಾತನ್ನು ನಾವು ವೇದಿಕೆಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ಕೂಲಿ ಎಂದರೆ ತಿಂಗಳ ಕೊನೆಯ ರಿಯಾಲ್ ಮಾತ್ರವಲ್ಲ, ದುಡಿಯುವ ದೇಹ ಕೆಟ್ಟಾಗ ಅದನ್ನು ಸರಿಮಾಡುವ ಖರ್ಚೂ ಅದರೊಳಗಿದೆ ಎಂದು ಈ ಕಾನೂನುಗಳು ಒಪ್ಪಿಕೊಂಡಿವೆ. ಆದ್ದರಿಂದ ವಿಮೆಯ ಕಾರ್ಡು ಕಫೀಲನ ದಾನವಲ್ಲ. ಸಂಬಳದ ಇನ್ನೊಂದು ರೂಪ. ಇದು ನಮ್ಮ ಹುಡುಗರ ತಲೆಗೆ ಹೋಗಿಲ್ಲ. ಎಷ್ಟೋ ಮಂದಿ ಆ ಕಾರ್ಡನ್ನು ಪರ್ಸಿನ ಮೂಲೆಯಲ್ಲಿಟ್ಟುಕೊಂಡು, ಊರಿನಿಂದ ತಂದ ಮಾತ್ರೆಯಲ್ಲೇ ದಿನ ನೂಕುತ್ತಾರೆ.

ಮನಸ್ಸಿನ ಕಾಯಿಲೆ ಈ ಕಾರ್ಡಿನೊಳಗೆ ಬಂದದ್ದು ತಡವಾಗಿ, ಅರೆಮನಸ್ಸಿನಿಂದ. ಸೌದಿಯ ಮೂಲ ಪಾಲಿಸಿಯಲ್ಲಿ ಮಾನಸಿಕ ಚಿಕಿತ್ಸೆಗೆ ವರ್ಷಕ್ಕೆ 15 ಸಾವಿರ ರಿಯಾಲ್ ಮಿತಿಯಿತ್ತು. 2022ರಲ್ಲಿ ಅದನ್ನು 50 ಸಾವಿರಕ್ಕೆ ಏರಿಸಿದರು. ಯುಎಇಯ ಹೊಸ ಮಾನಸಿಕ ಆರೋಗ್ಯ ಕಾನೂನು 2023ರಲ್ಲಿ ಹೊರಬಿದ್ದು 2024ರ ಮೇ ತಿಂಗಳಲ್ಲಿ ಜಾರಿಗೆ ಬಂತು. ರೋಗಿಯ ಗುಟ್ಟು ಕಾಯಬೇಕು, ತಜ್ಞ ವೈದ್ಯರ ಸಮಿತಿಯ ವರದಿಯಿಲ್ಲದೆ ಕೆಲಸದಿಂದ ಕಿತ್ತುಹಾಕಬಾರದು ಎಂದು ಅದು ಹೇಳುತ್ತದೆ. ನಮ್ಮ ದೇಶವೇನೂ ಮುಂದಿರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ ಬರುವವರೆಗೆ ನಮ್ಮ ವಿಮಾ ಕಂಪೆನಿಗಳು ಮನೋರೋಗವನ್ನು ಎಗ್ಗಿಲ್ಲದೆ ಹೊರಗಿಡುತ್ತಿದ್ದವು. ದೇಹದ ಕಾಯಿಲೆಗೆ ಯಾವ ಆಧಾರದಲ್ಲಿ ವಿಮೆ ಕೊಡುತ್ತೀರೋ ಅದೇ ಆಧಾರದಲ್ಲಿ ಮನಸ್ಸಿನ ಕಾಯಿಲೆಗೂ ಕೊಡಬೇಕು ಎಂದು ಆ ಕಾಯಿದೆಯ 21ನೇ ಕಲಮು ಹೇಳಿತು. ಆ ಬಳಿಕವೂ ಹಕ್ಕು ಕೇಳಿದವರು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಕಾಗದದ ಮೇಲೆ ಹಕ್ಕು ಬಂತು. ಆದರೆ ಅದನ್ನು ಬಳಸುವವರು ಎಲ್ಲಿ? ರಿಯಾದಿನ ಯಾವುದಾದರೂ ಕ್ಲಿನಿಕ್ಕಿನಲ್ಲಿ ಕುಳಿತರೆ ಎದೆನೋವು, ಹೊಟ್ಟೆಯುರಿ, ತಲೆಸುತ್ತು, ಕೈಕಾಲು ಜೋಮು ಎಂದು ಬರುವ ಭಾರತೀಯರು ಬೇಕಾದಷ್ಟು ಸಿಗುತ್ತಾರೆ. ಇಸಿಜಿ ಮಾಡುತ್ತಾರೆ, ಸರಿಯಾಗಿದೆ. ರಕ್ತ ಪರೀಕ್ಷಿಸುತ್ತಾರೆ, ಸರಿಯಾಗಿದೆ. ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸುತ್ತಾರೆ. ಮುಂದಿನ ತಿಂಗಳು ಅದೇ ನೋವು. ಮನಸ್ಸಿನ ದುಗುಡ ದೇಹದ ನೋವಾಗಿ ಮಾತಾಡುವುದು ಮನೋವೈದ್ಯರಿಗೆ ಬಹಳ ಹಳೆಯ ವಿಷಯ. ವಿಪರ್ಯಾಸವೆಂದರೆ, ವಿಮೆ ಆ ಇಸಿಜಿಗೆ ಮತ್ತೆ ಮತ್ತೆ ಹಣ ಕೊಡುತ್ತದೆ. ಕಂಪೆನಿಗೂ ನಷ್ಟ, ರೋಗಿಗೂ ನೋವು. ಆದರೂ ಅವನು ಪಕ್ಕದ ಕೋಣೆಯ ಮನೋವೈದ್ಯರ ಬಾಗಿಲು ತಟ್ಟುವುದಿಲ್ಲ. ತಟ್ಟಿದರೆ ಅದು ಕಡತದಲ್ಲಿ ದಾಖಲಾಗುತ್ತದೆ, ಕಡತ ಕಂಪೆನಿಯ ಆಫೀಸಿಗೆ ಹೋಗುತ್ತದೆ, ಇಕಾಮಾ ನವೀಕರಣ ನಿಲ್ಲುತ್ತದೆ ಎಂಬ ಹೆದರಿಕೆ. ಕಾನೂನು ಗುಟ್ಟು ಕಾಯುತ್ತದೆ ಎಂದು ಅವನಿಗೆ ಯಾರೂ ಹೇಳಿಲ್ಲ. ಹೇಳಿದರೂ ಅವನು ನಂಬುವುದು ಕಷ್ಟ. ಲೇಬರ್ ಕ್ಯಾಂಪಿನಲ್ಲಿ ಒಂದು ಕೋಣೆಗೆ ಆರೆಂಟು ಮಂದಿ. ಅಲ್ಲಿ ಗುಟ್ಟು ಎಂಬುದಕ್ಕೆ ಜಾಗವೇ ಇಲ್ಲ.

ಭಾಷೆಯದು ಇನ್ನೊಂದು ತೊಡಕು. ಹಲ್ಲುನೋವನ್ನು ಬೆರಳಿಟ್ಟು ತೋರಿಸಬಹುದು. ‘ಏನೋ ಒಂಥರಾ’ ಎಂಬುದನ್ನು ಯಾವ ಬೆರಳಿನಿಂದ ತೋರಿಸುವುದು? ಎದುರಿಗಿರುವ ವೈದ್ಯರಿಗೆ ಅರಬಿ ಬರುತ್ತದೆ, ಇಂಗ್ಲಿಷ್ ಬರುತ್ತದೆ, ಅದೃಷ್ಟವಿದ್ದರೆ ಹಿಂದಿ ಅಥವಾ ಮಲಯಾಳ ಬರುತ್ತದೆ. ಬ್ಯಾರಿ, ತುಳು, ನವಾಯತಿ, ಉತ್ತರ ಕರ್ನಾಟಕದ ಕನ್ನಡದಲ್ಲಿ ಅತ್ತವನ ಅಳಲು ಅವರಿಗೆ ತಲುಪುವುದು ಹೇಗೆ? ಜೊತೆಗೆ ಕರೆದೊಯ್ದ ರೂಮಿನ ಗೆಳೆಯ ದುಭಾಷಿಯಾದರೆ, ಹೇಳಬೇಕಾದ ಅರ್ಧ ಮಾತು ಗಂಟಲಲ್ಲೇ ಉಳಿಯುತ್ತದೆ.

ಊರಿನವರ ಪಾಲನ್ನೂ ಹೇಳಬೇಕು. ದಿನವೂ ಫೋನು ಬರುತ್ತದೆ, ಈಗಂತೂ ಮುಖ ನೋಡಿಯೇ ಮಾತು. “ಹೇಗಿದ್ದೀ ಮಗಾ?” “ಅಲ್‌ಹಮ್ದುಲಿಲ್ಲಾಹ್.” ಅಲ್ಲಿಗೆ ಅವನ ವಿಷಯ ಮುಗಿಯಿತು, ಮುಂದೆ ಬಾವಿಯ ಪಂಪು, ಸೊಸೈಟಿಯ ಸಾಲ, ನೆಂಟರ ಮದುವೆ. ಕೃತಜ್ಞತೆಯ ಅಷ್ಟು ದೊಡ್ಡ ಮಾತು ಬಾಗಿಲು ಮುಚ್ಚುವ ಚಿಲಕವಾಗಿಬಿಟ್ಟಿದೆ. ಒಂದು ವೇಳೆ ಅವನು, ಉಮ್ಮಾ, ನನಗೆ ಇಲ್ಲಿ ಆಗುತ್ತಿಲ್ಲ ಎಂದುಬಿಟ್ಟರೆ ಬರುವ ಉತ್ತರ ಗೊತ್ತೇ ಇದೆ: ಸಬರ್ ಮಾಡು, ನಮಾಝ್ ಬಿಡಬೇಡ, ಎಲ್ಲ ಸರಿಯಾಗುತ್ತದೆ. ನಮಾಝ್ ಬಿಡಬಾರದು, ನಿಜ. ಅದು ಎಷ್ಟೋ ಮಂದಿಯನ್ನು ಆ ಮರಳುಗಾಡಿನಲ್ಲಿ ಎತ್ತಿ ಹಿಡಿದಿದೆ. ಆದರೆ ಮುರಿದ ಕಾಲಿಗೆ ಸಬರ್ ಮಾಡು ಎಂದು ಯಾರೂ ಪ್ಲಾಸ್ಟರ್ ಬೇಡವೆನ್ನುವುದಿಲ್ಲ. ಮನಸ್ಸಿನ ವಿಷಯದಲ್ಲಿ ಮಾತ್ರ ಸಬರನ್ನೇ ಪ್ಲಾಸ್ಟರ್ ಎಂದುಕೊಳ್ಳುತ್ತೇವೆ.

ಕುರ್‌ಆನ್ ಓದುವವರಿಗೆ ಪ್ರವಾದಿ ಯಾಕೂಬ್(ಅ)ರ ಕಥೆ ತಿಳಿದಿದೆ. ಮಗ ಯೂಸುಫ್(ಅ) ದೂರವಾದ ದುಃಖದಲ್ಲಿ ಅವರ ಕಣ್ಣುಗಳು ಬೆಳ್ಳಗಾದವು. ‘ಸುಂದರ ಸಹನೆ’ಯನ್ನು ಆಶ್ರಯಿಸಿದವರೂ ಅವರೇ, ಅತ್ತು ಅತ್ತು ದೃಷ್ಟಿ ಕಳೆದುಕೊಂಡವರೂ ಅವರೇ. ಅವರ ಈಮಾನ್ ದುರ್ಬಲವಾಗಿತ್ತು ಎಂದು ಹೇಳುವ ಧೈರ್ಯ ಯಾರಿಗಿದೆ? ಪ್ರವಾದಿ ಮುಹಮ್ಮದ್(ಸ)ರು ಪತ್ನಿ ಖದೀಜ(ರ) ಹಾಗೂ ತಂದೆಯ ಸೋದರ ಅಬೂತಾಲಿಬರನ್ನು ಕಳೆದುಕೊಂಡ ವರ್ಷವನ್ನು ಚರಿತ್ರೆ ‘ದುಃಖದ ವರ್ಷ’ ಎಂದೇ ಕರೆಯುತ್ತದೆ. ಅಲ್ಲಾಹನು ಔಷಧಿಯಿಲ್ಲದ ಯಾವ ಕಾಯಿಲೆಯನ್ನೂ ಇಳಿಸಿಲ್ಲ, ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಹೇಳಿದವರೂ ಅದೇ ಪ್ರವಾದಿ(ಸ). ಅವರು ಕಾಯಿಲೆಗಳನ್ನು ದೇಹದ್ದು, ಮನಸ್ಸಿನದು ಎಂದು ಬೇರ್ಪಡಿಸಿ ಒಂದಕ್ಕೆ ಮಾತ್ರ ಅನುಮತಿ ಕೊಟ್ಟದ್ದಿಲ್ಲ. ಬುದ್ಧಿ ಸ್ವಾಧೀನ ತಪ್ಪಿದವನ ಮೇಲಿಂದ ಲೇಖನಿಯನ್ನು ಎತ್ತಲಾಗಿದೆ, ಅಂದರೆ ಅವನ ಕರ್ಮ ಬರೆಯಲ್ಪಡುವುದಿಲ್ಲ ಎಂಬ ಹದೀಸ್ ಫಿಕ್‌ಹ್‌ನ ಆಧಾರಗಳಲ್ಲೊಂದು. ದೇವರ ಲೆಕ್ಕದಲ್ಲಿ ಇಲ್ಲದ ಕಳಂಕವನ್ನು ನಾವು ನಮ್ಮ ಲೆಕ್ಕದಲ್ಲಿ ಬರೆದುಕೊಂಡಿದ್ದೇವೆ.

ನಮ್ಮ ಹಿರಿಯರು ಬೇರೆ ರೀತಿ ಯೋಚಿಸಿದ್ದರು. ಒಂಬತ್ತು-ಹತ್ತನೆಯ ಶತಮಾನದಲ್ಲಿ ಬಾಳಿದ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಆತ್ಮಗಳ ಆರೈಕೆಯ ಕುರಿತು ಒಂದು ಗ್ರಂಥ ಬರೆದರು. ಕೋಪ, ಭಯ, ದುಃಖ, ಬಿಡದೆ ಕಾಡುವ ಯೋಚನೆಗಳು ಇವನ್ನೆಲ್ಲ ಅವರು ಪಾಪಗಳ ಪಟ್ಟಿಯಲ್ಲಿ ಸೇರಿಸದೆ ಚಿಕಿತ್ಸೆ ಬೇಕಾದ ಸ್ಥಿತಿಗಳೆಂದು ವಿವರಿಸಿದರು. ಕಾರಣ ತಿಳಿದಿರುವ ದುಃಖ ಬೇರೆ, ಕಾರಣವೇ ಇಲ್ಲದೆ ಕವಿಯುವ ದುಃಖ ಬೇರೆ ಎಂದು ಅವರು ಗುರುತಿಸಿದ್ದರು. ಕೈರೋದಲ್ಲಿ ಸುಲ್ತಾನ್ ಕಲಾವೂನ್ 1284ರಲ್ಲಿ ಕಟ್ಟಿಸಿದ ಮನ್ಸೂರಿ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳಿಗೆಂದೇ ವಿಭಾಗವಿತ್ತು. ಆ ಆಸ್ಪತ್ರೆ ನಡೆದದ್ದು ವಕ್ಫ್ ಆದಾಯದಿಂದ. ಬಡವ-ಬಲ್ಲಿದ, ಊರಿನವ-ಪರದೇಶಿ ಎಂಬ ಭೇದವಿಲ್ಲದೆ ಅದರ ಬಾಗಿಲು ತೆರೆದಿತ್ತು. ಅಂದರೆ ಬುದ್ಧಿ ಕದಡಿದ ಪರದೇಶಿಯೊಬ್ಬನ ಖರ್ಚನ್ನು ಇಡೀ ಸಮಾಜ ಹೊರಬೇಕೆಂಬುದು ನಮಗೆ ಪಶ್ಚಿಮದಿಂದ ಬಂದ ವಿಚಾರವೇನಲ್ಲ. ಇವತ್ತು ನಮ್ಮಲ್ಲಿ ವಕ್ಫ್ ಎಂದರೆ ಒತ್ತುವರಿ, ತಕರಾರು, ಕೋರ್ಟು ಇಷ್ಟೇ ನೆನಪಾಗುತ್ತದೆ. ಅದು ಬೇರೆಯೇ ಲೇಖನದ ವಿಷಯ.

ಗಲ್ಫಿನಲ್ಲಿರುವ ನಮ್ಮ ಜಮಾಅತ್‌ಗಳನ್ನೂ ಸಂಘಟನೆಗಳನ್ನೂ ಹೀಗಳೆಯುವಂತಿಲ್ಲ. ಮಯ್ಯಿತ್ ಊರಿಗೆ ಕಳಿಸಲು, ಅಲ್ಲೇ ದಫನ್ ಮಾಡಿಸಲು, ಕಿಡ್ನಿ ಕೆಟ್ಟವನಿಗೆ ಹಣ ಕೂಡಿಸಲು ಅವರು ರಾತ್ರಿಹಗಲು ಓಡಾಡುತ್ತಾರೆ. ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿಯೂ ಇದೆ. ಆದರೆ ಮಾನಸಿಕ ರೋಗಿಯ ವಿಷಯ ಬಂದಾಗ ಎಲ್ಲರ ಬಾಯಲ್ಲೂ ಒಂದೇ ಪರಿಹಾರ: ಊರಿಗೆ ಕಳಿಸಿಬಿಡೋಣ. ಊರಿಗೆ ಹೋಗುವವರೊಬ್ಬರ ಜೊತೆ ಮಾಡಿ ವಿಮಾನ ಹತ್ತಿಸಿಬಿಟ್ಟರೆ ಹೊಣೆ ಕಳೆಯಿತು. ಕೆಲವೊಮ್ಮೆ ಅದೇ ಸರಿಯಾದ ದಾರಿ. ಮನೆಯವರ ನಡುವೆ, ತನ್ನ ಭಾಷೆಯಲ್ಲಿ ಚಿಕಿತ್ಸೆ ಸಿಗುತ್ತದೆ. ಆದರೆ ಆ ವಿಮಾನದ ಟಿಕೆಟ್ಟಿನ ಜೊತೆ ಏನೇನು ಹರಿದುಹೋಗುತ್ತದೆ ಎಂಬುದನ್ನು ನಾವು ಗಮನಿಸುವುದಿಲ್ಲ.

ವೀಸಾ ಇರುವವರೆಗೆ ವಿಮೆ. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಕಾರ್ಡು ಬರೀ ಪ್ಲಾಸ್ಟಿಕ್ಕು. ಮೂಳೆ ಮುರಿದವನು ಮೂರು ತಿಂಗಳಲ್ಲಿ ಮತ್ತೆ ಕೆಲಸಕ್ಕೆ ನಿಲ್ಲಬಹುದು. ಮನಸ್ಸು ಮುರಿದವನ ಕಾಯಿಲೆಯೇ ಅವನ ಕೆಲಸವನ್ನು ಮೊದಲು ತಿನ್ನುತ್ತದೆ: ತಡವಾಗಿ ಏಳುತ್ತಾನೆ, ಲೆಕ್ಕ ತಪ್ಪುತ್ತಾನೆ, ಮೇಲಿನವನಿಗೆ ಎದುರಾಡುತ್ತಾನೆ. ಹೀಗೆ ಯಾವ ಕಾಯಿಲೆಗೆ ವಿಮೆ ಬೇಕಾಗಿತ್ತೋ ಆ ಕಾಯಿಲೆಯೇ ವಿಮೆಯನ್ನು ಕಿತ್ತುಕೊಳ್ಳುತ್ತದೆ. ಊರಿಗೆ ಬಂದ ಮೇಲೆ ಇಲ್ಲಿ ಹೊಸ ಪಾಲಿಸಿ ಮಾಡಿಸಲು ಹೋದರೆ, ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಎಂಬ ಷರತ್ತು ಎದುರಾಗುತ್ತದೆ. ಅದರ ಗರಿಷ್ಠ ಮಿತಿ ನಾಲ್ಕು ವರ್ಷವಿತ್ತು. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಮೂರಕ್ಕೆ ಇಳಿಸಿತು. ಮೂರು ವರ್ಷ ಕಾಯುವ ಖಿನ್ನತೆ ಎಲ್ಲಿದೆ?

ಭಾರತ ಸರಕಾರ 2003ರಲ್ಲಿ ಆರಂಭಿಸಿದ ಪ್ರವಾಸಿ ಭಾರತೀಯ ಬಿಮಾ ಯೋಜನೆಯೊಂದಿದೆ. ಹತ್ತನೇ ತರಗತಿ ದಾಟದೆ ಗಲ್ಫ್‌ನಂಥ ಕಡೆಗೆ ಹೋಗುವ, ಎಮಿಗ್ರೇಶನ್ ಅನುಮತಿ ಬೇಕಾದ ವರ್ಗದ ಕೆಲಸಗಾರರಿಗೆ ಅದು ಕಡ್ಡಾಯ. 2017ರ ಪರಿಷ್ಕರಣೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಕಂತಿಟ್ಟರು. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ ಹತ್ತು ಲಕ್ಷ. ಆಸ್ಪತ್ರೆ ಖರ್ಚಿಗೆ ಒಂದು ಲಕ್ಷ. ಒಳ್ಳೆಯ ಯೋಜನೆಯೇ. ಆದರೆ ಸತ್ತವನಿಗೆ ಹತ್ತು, ಬದುಕಬೇಕಾದವನಿಗೆ ಒಂದು ಎಂಬ ಆ ಲೆಕ್ಕವನ್ನು ನೋಡಿದಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಅಪಘಾತ ವಿಮೆಗಳಲ್ಲಿ ಸಾಮಾನ್ಯವಾಗಿ ಆತ್ಮಹತ್ಯೆಗೆ ಪರಿಹಾರವಿಲ್ಲ ಎಂಬುದನ್ನು ಇದರ ಜೊತೆ ಇಟ್ಟು ನೋಡಬೇಕು. ಕ್ಯಾಂಪಿನ ಕೋಣೆಯಲ್ಲಿ ಒಬ್ಬ ಜೀವ ಕಳೆದುಕೊಂಡರೆ ಅವನ ಮನೆಗೆ ಹಣವೂ ಇಲ್ಲ, ಮಾತೂ ಇಲ್ಲ. ಊರಿನಲ್ಲಿ ಹೃದಯಾಘಾತ ಎಂದು ಹೇಳಿ ಮುಗಿಸುತ್ತಾರೆ. ಮನೆಯವರನ್ನು ದೂರುವುದು ತಪ್ಪು. ಅವರು ಹಾಗೆ ಹೇಳಲೇಬೇಕಾದಂಥ ಸಮಾಜವನ್ನು ಕಟ್ಟಿದವರು ನಾವು.

ಉದ್ಯೋಗದಾತನ ವಾದವನ್ನೂ ಕೇಳಬೇಕು. ನಾನು ಕಂತು ಕಟ್ಟುವವನು, ಯಾರನ್ನು ಕರೆಸಿಕೊಳ್ಳುತ್ತಿದ್ದೇನೆ ಎಂದು ತಿಳಿಯುವ ಹಕ್ಕು ನನಗಿಲ್ಲವೇ ಎಂದು ಅವನು ಕೇಳಬಹುದು. ಕೆಲಸಕ್ಕೆ ತಕ್ಕಷ್ಟು ತಿಳಿಯುವ ಹಕ್ಕಿದೆ. ಆದರೆ ಆರೋಗ್ಯವಂತರನ್ನು ಮಾತ್ರ ಆರಿಸಿ ಕರೆಸಿಕೊಂಡು, ಎರಡು ಮೂರು ವರ್ಷ ಮನೆಯ ಮುಖ ತೋರಿಸದೆ ದುಡಿಸಿ, ಆಗ ಬಂದ ಕಾಯಿಲೆಯನ್ನು ಅವನು ಊರಿನಿಂದಲೇ ತಂದದ್ದು ಎನ್ನುವುದಕ್ಕೆ ಸಹಕಾರ ಎಂಬ ಹೆಸರು ಒಪ್ಪುವುದಿಲ್ಲ. ‘ಆಕಿಲ’ದಲ್ಲಿ ಬಂಧುಗಳು ತಮ್ಮವನ ಸಂಕಟ ಬಂದಾಗ ಅವನನ್ನು ಪಂಗಡದಿಂದ ಹೊರಗೆ ಹಾಕಿ ಪರಿಹಾರ ಉಳಿಸಿಕೊಳ್ಳುತ್ತಿರಲಿಲ್ಲ. ಸಂಕಟ ಬಂದಾಗಲೇ ಅವನು ಪಂಗಡದವನೆಂಬುದು ಖಾತ್ರಿಯಾಗುತ್ತಿತ್ತು. ತಕಾಫುಲ್ ಎಂಬ ಶಬ್ದವನ್ನು ಪಾಲಿಸಿಯ ಮೇಲೆ ಅಚ್ಚು ಹಾಕಿಸುವವರು ಈ ಒಂದು ವಿಷಯವನ್ನು ಯೋಚಿಸಬೇಕು: ಕಾಯಿಲೆಯನ್ನು ಹೇಳಿಕೊಂಡವನ ಕೆಲಸಕ್ಕೂ ಭದ್ರತೆ ಇಲ್ಲದಿದ್ದರೆ, ಚಿಕಿತ್ಸೆಯ ಖರ್ಚಿಗೆ ಎಷ್ಟು ಸಾವಿರ ರಿಯಾಲ್ ಮಿತಿ ಇಟ್ಟರೂ ಅದನ್ನು ಕೇಳಲು ಯಾರೂ ಬರುವುದಿಲ್ಲ. ಯುಎಇಯ ಹೊಸ ಕಾನೂನು ಆ ದಿಕ್ಕಿನಲ್ಲಿ ಒಂದು ಹೆಜ್ಜೆ. ಅದನ್ನು ಕ್ಯಾಂಪಿನ ನೋಟಿಸ್ ಬೋರ್ಡಿನಲ್ಲಿ ಹಿಂದಿಯಲ್ಲಿ, ಮಲಯಾಳದಲ್ಲಿ, ಕನ್ನಡದಲ್ಲಿ ಅಂಟಿಸುವ ಕೆಲಸವನ್ನಾದರೂ ನಮ್ಮ ಸಂಘಟನೆಗಳು ಮಾಡಬಹುದು. ರಕ್ತದಾನ ಶಿಬಿರದ ಬ್ಯಾನರಿಗಿಂತ ಅದಕ್ಕೆ ಖರ್ಚು ಕಡಿಮೆ.

ಕೆಲವು ಸಣ್ಣ ಸಂಗತಿಗಳು ಜೀವ ಉಳಿಸುತ್ತವೆ. ಹೋಗುವ ಮೊದಲೇ ಊರಿನಲ್ಲಿ ಒಂದು ಆರೋಗ್ಯ ಪಾಲಿಸಿ ಮಾಡಿಸಿ, ಅಲ್ಲಿರುವಾಗಲೂ ಕಂತು ತಪ್ಪದೆ ಕಟ್ಟುತ್ತಿದ್ದರೆ ಕಾಯುವ ಅವಧಿ ಅಲ್ಲಿರುವಾಗಲೇ ಕಳೆದುಹೋಗುತ್ತದೆ. ಮರಳಿ ಬಂದವನು ಬರಿಗೈಯಲ್ಲಿ ನಿಲ್ಲಬೇಕಾಗಿಲ್ಲ. ಮನೋರೋಗದ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅದನ್ನು ಬ್ಯಾಗಿನಲ್ಲಿ ತುರುಕಿಕೊಂಡು ಹೊರಡಬಾರದು. ಇಲ್ಲಿ ವೈದ್ಯರು ಸಾಮಾನ್ಯವಾಗಿ ಬರೆಯುವ ನಿದ್ದೆಯ, ಆತಂಕದ ಮಾತ್ರೆಗಳಲ್ಲಿ ಹಲವು ಯುಎಇಯಲ್ಲಿ ನಿಯಂತ್ರಿತ ಔಷಧಿಗಳು. ವೈದ್ಯರ ಚೀಟಿ ಮತ್ತು ಅಲ್ಲಿನ ಸರಕಾರದ ಮುಂಗಡ ಅನುಮತಿ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳಬಹುದು. ಭಯದಿಂದ ಮಾತ್ರೆ ಬಿಟ್ಟು ಹೋದವರು ಎರಡು ತಿಂಗಳಲ್ಲಿ ಮತ್ತೆ ಕುಸಿದಾರು. ಇನ್ನು ಊರಿನಲ್ಲಿರುವ ಹೆಂಡತಿ, ತಾಯಿ. ಅವರಿಗೂ ನಿದ್ದೆಯಿಲ್ಲ, ಅವರನ್ನೂ ಯಾರೂ ಕೇಳುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್‌ಗೆ 14416 ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಗಳಲ್ಲಿ ಮಾತ್ರೆಯೂ ಉಚಿತ. ಆ ಕಾರ್ಯಕ್ರಮ ದೇಶಕ್ಕೆಲ್ಲ ಮಾದರಿಯಾಗಿ ಬೆಳೆದದ್ದು ನಮ್ಮದೇ ಬಳ್ಳಾರಿಯಲ್ಲಿ, ಎಂಬತ್ತರ ದಶಕದಲ್ಲಿ, ನಿಮ್ಹಾನ್ಸ್‌ನವರ ಪ್ರಯೋಗದಿಂದ.

ಮರಳಿ ಬಂದವನ ಮೊದಲ ಜುಮಾ ಹೇಗಿರುತ್ತದೆ ಎಂಬುದನ್ನು ಊರವರೆಲ್ಲ ಬಲ್ಲರು. ಮಸ್ಜಿದ್‌ನ ಅಂಗಳದಲ್ಲಿ ಕೈಕುಲುಕಿದವರೆಲ್ಲ ಯಾವಾಗ ಬಂದೆ ಎಂದು ಕೇಳುತ್ತಾರೆ, ಅವನು ಉತ್ತರಿಸುವ ಮೊದಲೇ ಯಾವಾಗ ಹೋಗುವುದು ಎಂದೂ ಕೇಳುತ್ತಾರೆ. ಆ ಎರಡನೆಯ ಪ್ರಶ್ನೆಗೆ ಅವನ ಬಳಿ ಉತ್ತರವಿಲ್ಲ. ಮುಂದಿನ ಜುಮಾಕ್ಕೆ ಅವನು ಬೇರೆ ಮಸ್ಜಿದ್‌ಗೆ ಹೋಗುತ್ತಾನೆ.